ಒತ್ತಕ್ಷರಕ್ಕೊಂದಿಷ್ಟು ಜಾಗ

ಊರಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾದು ಕೂತಿರುತ್ತದೆ. "ಏನ್ ಕೆಲ್ಸ ಮಾಡ್ಕಂಡಿದ್ದೀಯಪ್ಪ?" ಗ್ರಾಫಿಕ್ ಡಿಸೈನರ್ ಅಂತ ಒಮ್ಮೆ ಹೇಳಿ ನೋಡಿದೆ. ಕೇಳಿದವರು "ಟ್ರಾಫಿಕ್ಕಾ? ಪೊಲೀಸಾ?" ಅಂದರು. ಡಿಸೈನು ಮಾಡ್ತೀನಿ ಅಂದೆ. ಅವರ ಮುಖ ಅರಳಿತು. "ಫ್ಲೆಕ್ಸು ಅನ್ನು ಮತ್ತೆ!"

ಅಲ್ಲಗಳೆಯುವ ಹಾಗೂ ಇಲ್ಲ. ನಾನು ಮೊದಲು ದುಡಿದ ದುಡ್ಡು ಫ್ಲೆಕ್ಸಿನದ್ದೇ. ಒಬ್ಬ ಅಜ್ಜಿಯ ತಿಥಿಗೆ ಕಟ್ಟಿದ ಶ್ರದ್ಧಾಂಜಲಿಯಲ್ಲಿ ಆಕೆಯ ಹಿಂದೆ ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟ ನಿಲ್ಲಿಸಿದ್ದು ನಾನೇ. ಕುಂತಿಬೆಟ್ಟವನ್ನೂ ಹತ್ತಿರದಿಂದ ನೋಡದೆ ಹೋದ ಆ ಅಜ್ಜಿ ನಾಲ್ಕು ದಿನ ಬಸ್ ಸ್ಟ್ಯಾಂಡಿನಲ್ಲಿ ಹಿಮದ ನಡುವೆ ನಗುತ್ತಾ ನಿಂತಿದ್ದರು. ಮಗ ಬಂದು ಕೈ ಹಿಡಿದು "ಅವ್ವ ಬಾಳ ಚೆನ್ನಾಗಿ ಕಾಣ್ತಾಳೆ ಕಣಣ್ಣ" ಅಂದ. ಆ ಮಾತಿಗೆ ಸಮನಾದ ಮೆಚ್ಚುಗೆ ಆಮೇಲೆ ಯಾವ ಬೆಂಗಳೂರಿನ ಕಂಪನಿಯಿಂದಲೂ ನನಗೆ ಸಿಕ್ಕಿಲ್ಲ.

ಈಗ ಶ್ರೀರಂಗಪಟ್ಟಣದಲ್ಲಿ ಬಾಡಿಗೆ ಮನೆ. ಮೈಸೂರು, ಬೆಂಗಳೂರಿನವರಿಗೆ ಲೋಗೋ, ಪುಸ್ತಕದ ಮುಖಪುಟ, ಪೊಟ್ಟಣದ ಲೇಬಲ್ಲು, ಒಮ್ಮೊಮ್ಮೆ 30 ಸೆಕೆಂಡಿನ ಆನಿಮೇಷನ್ನು ಮಾಡಿಕೊಡುತ್ತೇನೆ. ಹೊಟ್ಟೆಪಾಡು ಅದು. ಹುಚ್ಚು ಬೇರೆಯೇ ಇದೆ. ನನ್ನ ಫೋನಿನಲ್ಲಿ 'ಅಕ್ಷರ' ಅನ್ನುವ ಒಂದು ಫೋಲ್ಡರ್ ಇದೆ. ಅದರಲ್ಲಿ ಮನುಷ್ಯರ ಮುಖವೇ ಇಲ್ಲ. ಲಾರಿಯ ಹಿಂಬದಿ, ಕಬ್ಬಿನ ಟ್ರೇಲರ್ರಿನ ನಂಬರು, ಕಟಿಂಗ್ ಶಾಪಿನ ಗಾಜು, ದೇವಸ್ಥಾನದ ಸೇವಾ ದರಪಟ್ಟಿ, ಹೊಲದ ಬದುವಿನಲ್ಲಿ ಅರ್ಧ ಹೂತ ಶಾಸನ, ಇವೇ ಸಾವಿರಗಟ್ಟಲೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅದನ್ನು ತೆರೆದು ನೋಡಿ, ಬೇರೆ ಏನೋ ಇರಬಹುದೆಂದು ಹೆದರಿದ್ದವಳು, ನಿಟ್ಟುಸಿರು ಬಿಟ್ಟು ವಾಪಸ್ ಕೊಟ್ಟಿದ್ದಳು.

ಮನೆಯಿಂದ ಸೈಕಲ್ ತುಳಿದರೆ ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಪ್ರವಾಸಿಗರು ತೋಟದಲ್ಲಿ ಫೋಟೊ ಹಿಡಿದು, ಒಳಗೊಂದು ಸುತ್ತು ಹಾಕಿ ಬಸ್ಸಿಗೆ ಓಡುತ್ತಾರೆ. ನಾನು ಪಶ್ಚಿಮದ ಗೋಡೆಯ ಮುಂದೆ ನಿಲ್ಲುತ್ತೇನೆ. 1780ರ ಪೊಳ್ಳಿಲೂರು ಯುದ್ಧ ಅಲ್ಲಿದೆ. ಇಂಗ್ಲಿಷರ ಕರ್ನಲ್ ಬೇಲಿ ಪಲ್ಲಕ್ಕಿಯೊಳಗೆ ಕೂತು ಬೆರಳು ಕಚ್ಚಿಕೊಂಡಿದ್ದಾನೆ. ಅವನ ಸುತ್ತ ಕೆಂಪಂಗಿಯ ಸಿಪಾಯಿಗಳು ಚೌಕಟ್ಟಾಗಿ ನಿಂತಿದ್ದಾರೆ. ಮದ್ದಿನ ಗಾಡಿ ಸಿಡಿದಿದೆ. ದೂರ ಹತ್ತಿರ ಅನ್ನುವ ಲೆಕ್ಕವನ್ನೇ ಇಟ್ಟುಕೊಳ್ಳದೆ ಕುದುರೆಗಳು ಸಾಲುಸಾಲಾಗಿ ಒಂದರ ಮೇಲೊಂದು ಏರಿ ಬರುತ್ತವೆ. ನೆರಳಿಲ್ಲ, ಆಳವಿಲ್ಲ. ಒಂದೇ ಕುದುರೆಯನ್ನು ಹತ್ತು ಸಲ, ಕಾಲು ಮಾತ್ರ ಕೊಂಚ ಬದಲಾಯಿಸಿ ಬರೆದಿದ್ದಾರೇನೋ ಅನಿಸುತ್ತದೆ. ಆನಿಮೇಷನ್ ಕಲಿತವನಿಗೆ ಇದು ತಕ್ಷಣ ಗುರುತು ಸಿಗುತ್ತದೆ. ಗೋಡೆಯ ಎಡತುದಿಯಿಂದ ಬಲತುದಿಗೆ ನಡೆದುಕೊಂಡು ಹೋದರೆ ಕುದುರೆ ಓಡಿದ ಹಾಗೇ ಕಾಣುತ್ತದೆ. ಓಡುವವನು ನೋಡುಗ, ಅಷ್ಟೇ ವ್ಯತ್ಯಾಸ.

ಆದರೆ ಆ ಗೋಡೆಯ ಇನ್ನೊಂದು ಸಂಗತಿ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ನಾವು ಈಗ ನೋಡುತ್ತಿರುವುದು ಟಿಪ್ಪುವಿನ ಕಾಲದ ಕೈಬರಹ ಅಲ್ಲ. ಆ ಚಿತ್ರಗಳ ಮೇಲೆ ಸುಣ್ಣ ಬಳಿದಿದ್ದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಆ ಅರಮನೆಯಲ್ಲಿ ವಾಸವಿದ್ದ ವೆಲ್ಲೆಸ್ಲಿ ಮತ್ತೆ ಬರೆಸಿದ. 1850ರ ದಶಕದಲ್ಲಿ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ಸೋತವರ ಚಿತ್ರವನ್ನು ಸೋತವರ ಕಡೆಯವರೇ ದುಡ್ಡು ಕೊಟ್ಟು ತಿದ್ದಿಸಿದ್ದು ಒಂದು ತಮಾಷೆ, ಅದಿರಲಿ. ನನಗೆ ಏಳುವ ಪ್ರಶ್ನೆ ಇನ್ನೂ ಸಣ್ಣದು: ಬೇಲಿ ಬೆರಳು ಕಚ್ಚಿದ್ದು ಮೊದಲ ಕಲಾವಿದನ ಕುಂಚದಲ್ಲೋ, ಮೂರನೆಯವನ ಕುಂಚದಲ್ಲೋ? ಒಬ್ಬರ ಗೆರೆಯ ಮೇಲೆ ಇನ್ನೊಬ್ಬರು ಗೆರೆ ಎಳೆದರೆ ಅದು ಯಾರ ಕೈ? ಈ ಪ್ರಶ್ನೆಯನ್ನು ನಾನು ಬಹಳ ಕಾಲ ಚರಿತ್ರೆಯ ಪ್ರಶ್ನೆ ಅಂದುಕೊಂಡಿದ್ದೆ. ನನ್ನ ಮನೆಗೇ ಬರುತ್ತದೆ ಅಂತ ಗೊತ್ತಿರಲಿಲ್ಲ.

ಕೆ.ಆರ್.ಪೇಟೆಯಿಂದ ಎರಡು ಮೂರು ಕಿಲೋಮೀಟರಿಗೆ ಹೊಸಹೊಳಲು. 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಸ್ಥಾನ. ಬೇಲೂರು ಹಳೇಬೀಡಿಗೆ ಹೋಗುವವರು ಇಲ್ಲಿ ಇಳಿಯುವುದಿಲ್ಲ, ಅದು ಅವರ ನಷ್ಟ. ತಳಪಾಯದ ಸುತ್ತ ಆರು ಪಟ್ಟಿಕೆಗಳು. ಎಲ್ಲಕ್ಕಿಂತ ಕೆಳಗೆ ಆನೆ, ಅದರ ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ, ಆಮೇಲೆ ರಾಮಾಯಣ ಮಹಾಭಾರತದ ಕತೆ, ಮೇಲೆ ಮಕರ, ಅದರ ಮೇಲೆ ಹಂಸ. ಪ್ರದಕ್ಷಿಣೆ ಹಾಕಿದರೆ ಕತೆ ಮುಂದಕ್ಕೆ ಸಾಗುತ್ತದೆ. ಅಪ್ರದಕ್ಷಿಣೆ ಹಾಕಿದರೆ ಬಾಣ ಬಿಲ್ಲಿಗೆ ವಾಪಸ್ ಬರುತ್ತದೆ, ನಾನು ಹಾಕಿ ನೋಡಿದ್ದೇನೆ.

ಒಂದು ಬೇಸಿಗೆ ಪೂರ್ತಿ ನಾನು ಆ ಆನೆಗಳ ಫೋಟೊ ತೆಗೆದೆ. ಒಂದೇ ಅಳತೆ, ಒಂದೇ ದಿಕ್ಕು. ಸಾಲಾಗಿ ಜೋಡಿಸಿ ಸೆಕೆಂಡಿಗೆ 12ರಂತೆ ಓಡಿಸಿದರೆ ಹೊಯ್ಸಳರ ಆನೆ ನಡೆಯುತ್ತದೆ ಅನ್ನುವುದು ನನ್ನ ಲೆಕ್ಕ. ನಡೆಯಲಿಲ್ಲ. ಕುಣಿಯಿತು. ಒಂದು ಆನೆ ಸೊಂಡಿಲೆತ್ತಿದರೆ ಇನ್ನೊಂದು ಮುಂದಿನದರ ಬಾಲಕ್ಕೆ ಸೊಂಡಿಲು ಚಾಚಿದೆ, ಮತ್ತೊಂದು ತಲೆ ತಿರುಗಿಸಿದೆ. ದೂರದಿಂದ ಒಂದೇ ಅಚ್ಚಿನವು ಅನಿಸುವ ಆನೆಗಳಲ್ಲಿ ಎರಡು ಒಂದೇ ಥರ ಇಲ್ಲ. ನೂರಾರು ಸಲ ಅದೇ ಪ್ರಾಣಿಯನ್ನು ಕೆತ್ತುವ ಕೂಲಿ ಕೆಲಸದಲ್ಲಿ ಬೇಜಾರು ಕಳೆಯಲು ಆ ಶಿಲ್ಪಿಗಳು ಮಾಡಿಕೊಂಡ ಸಣ್ಣ ಸಣ್ಣ ಚೇಷ್ಟೆ ಇರಬೇಕು ಅದು. ಕಾಪಿ-ಪೇಸ್ಟ್ ಇಲ್ಲದ ಕಾಲ. ಹೊಯ್ಸಳ ಶಿಲ್ಪಿಗಳಲ್ಲಿ ಕೆಲವರು ತಮ್ಮ ಹೆಸರನ್ನೂ ಕಲ್ಲಿನಲ್ಲೇ ಕೊರೆದು ಹೋಗಿದ್ದಾರೆ. ಸೋಮನಾಥಪುರದಲ್ಲಿ ವಿಗ್ರಹದ ಪೀಠದ ಮೇಲೆ ಮಲ್ಲಿತಮ್ಮ ಅನ್ನುವ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಕನ್ನಡದಲ್ಲೇ, ಯಾವ ನಾಚಿಕೆಯೂ ಇಲ್ಲದೆ.

ನಮ್ಮ ಕಡೆಯ ಹೊಲಗಳಲ್ಲಿ ನಿಂತ ವೀರಗಲ್ಲುಗಳ ಬಗ್ಗೆಯೂ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಕೆಳಗಿನ ಚೌಕದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಹೊತ್ತೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತದ್ದು. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಕಾಮಿಕ್ ಪುಸ್ತಕ. ಚೌಕಗಳ ನಡುವಿನ ಪಟ್ಟಿಯಲ್ಲಿ ಅಕ್ಷರ. ನಮ್ಮದೇ ಜಿಲ್ಲೆಯ ಆತಕೂರಿನ ಕಲ್ಲು, ಹಂದಿಯ ಜೊತೆ ಸೆಣಸಿ ಸತ್ತ ಕಾಳಿ ಅನ್ನುವ ನಾಯಿಗೆ 10ನೆಯ ಶತಮಾನದಲ್ಲಿ ನಿಲ್ಲಿಸಿದ್ದು, ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಅಲ್ಲಿ ನಾಯಿ ಹಂದಿಗಳ ಚಿತ್ರಕ್ಕೆ ಜಾಗ ಬಿಟ್ಟು ಸುತ್ತ ಅಕ್ಷರ ಹರಿಸಿರುವ ರೀತಿ ನೋಡಿದರೆ, ಪುಟವಿನ್ಯಾಸ ಅನ್ನುವ ವಿದ್ಯೆ ನಮಗೆ ಕಂಪ್ಯೂಟರಿನಿಂದ ಬಂದದ್ದಲ್ಲ ಅನ್ನುವುದು ಖಾತ್ರಿಯಾಗುತ್ತದೆ.

ನಾಗಮಂಗಲಕ್ಕೆ ನಾನು ಹೋದದ್ದು ಹುಚ್ಚಿಗಲ್ಲ, ಕೆಲಸಕ್ಕೆ. ಬೆಂಗಳೂರಿನ ಗಿರಾಕಿಯೊಬ್ಬರಿಗೆ ಕೈಯಲ್ಲಿ ಮಾಡಿದ ಹಿತ್ತಾಳೆಯ ನಾಮಫಲಕ ಬೇಕಿತ್ತು. ಲೋಹದ ಕೆಲಸಕ್ಕೆ ಹೆಸರಾದ ಊರು ಅದು. ಸೌಮ್ಯಕೇಶವನ ಗುಡಿ ನೋಡಿಕೊಂಡು, ಕೇಳಿಕೊಂಡು, ಒಬ್ಬ ಆಚಾರ್ರ ಮನೆಯ ಜಗಲಿ ಹತ್ತಿದೆ. ಅವರು ಜೇನುಮೇಣಕ್ಕೆ ರಾಳ ಬೆರೆಸಿ, ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು, ಒಂದು ನಂದಿಯ ಕಿವಿ ತಿದ್ದುತ್ತಾ ಕೂತಿದ್ದರು. ಮೇಣದ ಮೂರ್ತಿಗೆ ನುಣುಪು ಮಣ್ಣು ಬಳಿಯುವುದು, ಒಣಗಿಸುವುದು, ಕಾಯಿಸಿದಾಗ ಮೇಣ ಕರಗಿ ಹರಿದು ಹೋಗುವುದು, ಖಾಲಿಯಾದ ಹೊಟ್ಟೆಗೆ ಕರಗಿದ ಲೋಹ ಹೊಯ್ಯುವುದು, ತಣಿದ ಮೇಲೆ ಮಣ್ಣು ಒಡೆಯುವುದು. ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲೂ ಈ ವಿಧಾನದ ವಿವರ ಇದೆ, 12ನೆಯ ಶತಮಾನದ್ದು. ನಾನು ಅಕ್ಷರದ ನಕಾಶೆ ಕೊಟ್ಟು, "ಇದೇ ಥರದ್ದು ಇನ್ನೂ 20 ಬೇಕಾದರೆ?" ಅಂದೆ. ಅವರು ಮೇಣದ ಕೈ ಒರೆಸಿಕೊಳ್ಳುತ್ತಾ, "ಅಚ್ಚು ಒಡೆದ್ರೇ ಅಲ್ವೇ ಸ್ವಾಮಿ ಮೂರ್ತಿ ಹೊರಗೆ ಬರೋದು? ಇನ್ನೊಂದಕ್ಕೆ ಇನ್ನೊಂದ್ಸಲ ಮೊದಲಿಂದ ಮಾಡ್ಬೇಕು" ಅಂದರು. ದರ ಕೇಳಿ ಗಿರಾಕಿ ಹಿಂದೆ ಸರಿದರು. ಕೊನೆಗೆ ಲೇಸರಿನಲ್ಲಿ ಕತ್ತರಿಸಿದ ತಗಡಿಗೆ ಸುತ್ತಿಗೆ ಏಟಿನ ಗುರುತು ಹೊಡೆಸಿ, ಕೈಯಲ್ಲಿ ಮಾಡಿದ್ದು ಅನ್ನುವ ಹಾಗೆ ಕಾಣಿಸಿಕೊಟ್ಟೆ. ಈ ವ್ಯವಹಾರದಲ್ಲಿ ನನಗೆ ಮುಜುಗರವಾಗಲಿಲ್ಲ ಅಂತ ಈಗ ನೆನೆದರೆ ಮುಜುಗರವಾಗುತ್ತದೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟಿನ ಮಗ್ಗಗಳಿವೆ. ಅಲ್ಲಿಂದ ತಂದ ಒಂದು ಬಟ್ಟೆ ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ಅದರ ಹಾಸುಹೊಕ್ಕು ನೋಡಿಕೊಂಡೇ ನಾನು ಎಷ್ಟೋ ಲೋಗೋ ಬರೆದಿದ್ದೇನೆ. ಅದರ ಕತೆ ಇನ್ನೊಮ್ಮೆ.

ಈಗ ಮಾವನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತಿದ್ದು ಅಲ್ಲಿಗೆ ಬರುವುದಕ್ಕೆ ಹಿಂಜರಿದು.

ನನ್ನ ಸೋದರಮಾವ ಕೆ.ಆರ್.ಪೇಟೆಯಲ್ಲಿ ಬೋರ್ಡ್ ಬರೆಯುತ್ತಿದ್ದ. (ನಮ್ಮ ಕಡೆ ಸೋದರಮಾವನಿಗೆ ಬಹುವಚನ ಹಾಕಿದರೆ ಮಾತು ಬಿಟ್ಟಿದ್ದಾರೆ ಅಂತ ಅರ್ಥ. ಹಾಗಾಗಿ ಏಕವಚನವೇ.) ಸಂತೆಬೀದಿಯಿಂದ ಹಿಡಿದು ಕಿಕ್ಕೇರಿ ರಸ್ತೆಯವರೆಗೆ ಒಂದು ಕಾಲದಲ್ಲಿ ಅರ್ಧ ಊರು ಅವನ ಕೈಬರಹದಲ್ಲಿತ್ತು. ದಾರಕ್ಕೆ ಸೀಮೆಸುಣ್ಣ ಉಜ್ಜಿ, ಒಂದು ತುದಿ ನನ್ನ ಕೈಗೆ ಕೊಟ್ಟು, ನಡುವೆ ಎಳೆದು ಪಟ್ಟನೆ ಬಿಡುತ್ತಿದ್ದ. ತಗಡಿನ ಮೇಲೆ ನೇರ ಗೆರೆ ಮೂಡುತ್ತಿತ್ತು. ನನಗೆ ಆಗ 6 ವರ್ಷವಿರಬೇಕು. ಆ ಪಟ್ ಅನ್ನುವ ಸದ್ದೇ ನನ್ನ ಅಕ್ಷರಾಭ್ಯಾಸ. ತುದಿಗೆ ಬಟ್ಟೆ ಸುತ್ತಿದ ಕೋಲೊಂದನ್ನು ತಗಡಿಗೆ ಊರಿ, ಅದರ ಮೇಲೆ ಬಲಗೈಯ ಮಣಿಕಟ್ಟು ಇಟ್ಟು, ಉಸಿರು ಬಿಗಿಹಿಡಿದು ಒಂದೇ ಏಟಿಗೆ 'ರ'ದ ಹೊಟ್ಟೆ ಸುತ್ತಿಸುತ್ತಿದ್ದ. ಎನಾಮಲ್ ಬಣ್ಣ, ಟರ್ಪೆಂಟೈನ್, ಬೀಡಿ, ಈ ಮೂರರ ವಾಸನೆ ಬೆರೆತರೆ ನನಗೆ ಇವತ್ತಿಗೂ ಮಾವ.

ಹಳೆಯ ಚಂದಮಾಮಗಳ ಮುಖಪುಟ ಹರಿದು ಹೊಲಿದ ಒಂದು ಕಟ್ಟು ಅವನ ಬಳಿ ಇತ್ತು. ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಚಿತ್ರಗಳು. ಅವನ್ನು ನೋಡಿಕೊಂಡೇ ಲಾರಿಗಳ ಬಾಗಿಲ ಮೇಲೆ ಕೃಷ್ಣಾರ್ಜುನರನ್ನು ಇಳಿಸುತ್ತಿದ್ದ. ಅರ್ಜುನನ ಮುಖ ಸ್ವಲ್ಪ ರಾಜ್‌ಕುಮಾರರಿಗೆ ಹೋಗುತ್ತಿತ್ತು, ಗಿರಾಕಿಗಳ ತಕರಾರಿರಲಿಲ್ಲ. ಬೋರ್ಡು ಮುಗಿದ ಮೇಲೆ ಬಲಗಡೆ ಕೆಳಮೂಲೆಯಲ್ಲಿ ತನ್ನ ಹೆಸರಿನ ಮೊದಲಕ್ಷರ, ಅದರ ಪಕ್ಕ 'ಆರ್ಟ್ಸ್'. ಸಣ್ಣ ಕುಂಚದಲ್ಲಿ, ಕೊನೆಗೆ, ಒಂದು ಬೀಡಿ ಮುಗಿಸಿ ಬಂದು.

ಮೈಸೂರಿನ ಕಾವಾದಲ್ಲಿ ಓದುವಾಗ ರಜಕ್ಕೆ ಊರಿಗೆ ಬಂದು ಒಂದು ಡಿಟಿಪಿ ಅಂಗಡಿಯಲ್ಲಿ ಕೂತೆ. 2000ದ ದಶಕದ ನಡುವಿನ ಮಾತು. ಆ ವರ್ಷದ ಗಣೇಶೋತ್ಸವಕ್ಕೆ ಹುಡುಗರು ಬಂದರು. ಪ್ರತಿ ವರ್ಷ ಬಟ್ಟೆ ಬ್ಯಾನರು ಮಾವನೇ ಬರೆಯುತ್ತಿದ್ದದ್ದು, ಎರಡು ದಿನದ ಕೆಲಸ. ನಾನು ಒಂದೂವರೆ ಗಂಟೆಯಲ್ಲಿ ನುಡಿಯಲ್ಲಿ ಟೈಪ್ ಮಾಡಿ, ಅಕ್ಷರಕ್ಕೆ ಚಿನ್ನದ ಬಣ್ಣ ಹೊಡೆದು, ಸುತ್ತ 14 ಹುಡುಗರ ಮುಖ ಅಂಟಿಸಿ ಕಳಿಸಿದೆ. ಮಾರನೆಯ ದಿನ ಮೈಸೂರಿನಿಂದ ಸುತ್ತಿಕೊಂಡು ಬಂತು. ತಮ್ಮ ಮುಖ ನೋಡಿದ ಹುಡುಗರು ಮಾವನ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಉಳಿದವರೂ ನೋಡಲಿಲ್ಲ. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ಕಿನ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು, ಆ ನಿಷೇಧ ಎಷ್ಟು ಜಾರಿಯಲ್ಲಿದೆ ಅನ್ನುವುದನ್ನು ಯಾವ ಸರ್ಕಲ್ಲಿನಲ್ಲಿ ನಿಂತರೂ ನೋಡಬಹುದು. ಮಾವನಿಗೆ ಉಳಿದದ್ದು ಟ್ರೇಲರ್ರಿನ ನಂಬರು, ಹೊಸ ಗಾಡಿಯ ಹಿಂದೆ ಮನೆದೇವರ ಹೆಸರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಾಲ್ಕು ವರ್ಷದ ಹಿಂದೆ ಬೆಲ್ಲ ಮಾರುವವರೊಬ್ಬರು ನನ್ನ ಬಳಿ ಬಂದರು. ಮಂಡ್ಯದ ಬೆಲ್ಲ, ರಾಸಾಯನಿಕ ಹಾಕದ್ದು, ಪೊಟ್ಟಣ ನೋಡಿದರೆ ಹಳ್ಳಿ ನೆನಪಾಗಬೇಕು. ನನ್ನ ಫೋಲ್ಡರಿನಲ್ಲಿ ಸಂತೆಬೀದಿಯ ಹಳೆಯ ಬೆಲ್ಲದ ಮಂಡಿಯ ಬೋರ್ಡಿನ ಫೋಟೊ ಇತ್ತು. ತುಕ್ಕು ಹಿಡಿದ ತಗಡು, ಮಾವನ ಕೈ. 'ಬೆಲ್ಲ' ಅನ್ನುವ ಎರಡು ಅಕ್ಷರ. ಕನ್ನಡದಲ್ಲಿ ಬ, ಲ, ಜ, ಣಗಳಿಗೆ ತಲೆಕಟ್ಟಿಲ್ಲ, ಹಾಗಾಗಿ 'ಬೆಲ್ಲ' ಮೇಲ್ಗಡೆ ಪೂರ್ತಿ ದುಂಡಗೆ, ಉಂಡೆ ಬೆಲ್ಲದ ಹಾಗೇ ಕಾಣುವ ಪದ. ಮಾವ ಅದನ್ನು ಇನ್ನೂ ದುಂಡಗೆ ಮಾಡಿ, ಲ-ಒತ್ತಿನ ಬಾಲವನ್ನು ಕುಡುಗೋಲಿನ ಥರ ಎಡಕ್ಕೆ ಎಳೆದು ಬಿಟ್ಟಿದ್ದ. ಫೋಟೊವನ್ನು ಕಂಪ್ಯೂಟರಿಗೆ ಹಾಕಿ ಟ್ರೇಸ್ ಮಾಡಿದೆ. ಒಂದು ಗುಂಡಿ ಒತ್ತಿದರೆ ಆಗುವ ಕೆಲಸ. ಮೊದಲು ಅಳಿಸಿದ್ದು ಬಲಮೂಲೆಯ ಆ ಸಣ್ಣ ಸಹಿಯನ್ನು. ಯೋಚಿಸಿ ಅಳಿಸಿದ್ದೂ ಅಲ್ಲ, ಕಸ ಅಂತ ಅಳಿಸಿದ್ದು. ಲೇಬಲ್ಲಿನ ಎತ್ತರ ಸಾಲದೆ ಒತ್ತನ್ನು ಕೊಂಚ ಕುಗ್ಗಿಸಿ ಮೇಲಕ್ಕೆ ತಳ್ಳಿದೆ. 18,000 ರೂಪಾಯಿ ಬಂತು. ಒಂದು ವಿನ್ಯಾಸ ಪ್ರದರ್ಶನದಲ್ಲಿ ಅದನ್ನು ತೋರಿಸಿ "ಸ್ಥಳೀಯ ಬೀದಿಬರಹದಿಂದ ಪ್ರೇರಿತ" ಅಂತ ಕಾರ್ಡು ಬರೆದು ಇಟ್ಟೆ.

ಆರು ತಿಂಗಳ ಮೇಲೆ ಮಾವ ಶ್ರೀರಂಗಪಟ್ಟಣಕ್ಕೆ ಬಂದ. ಪಶ್ಚಿಮವಾಹಿನಿಯಲ್ಲಿ ಯಾರದೋ ಅಸ್ಥಿ ಬಿಡಲು ಬಂದವರ ಜೊತೆ. ಕೈಯಲ್ಲಿ ಬೆಲ್ಲದ ಪೊಟ್ಟಣ. ನನ್ನ ಹೆಂಡತಿ ತಿಂಡಿಗೆ ತಂದಿದ್ದಾರೆ ಅಂದುಕೊಂಡು ಕೈ ಚಾಚಿದಳು. ಅವನು ಕೊಡಲಿಲ್ಲ. ನನ್ನ ಮೇಜಿನ ಮೇಲೆ ಇಟ್ಟು, ಕನ್ನಡಕ ಹಾಕಿಕೊಂಡು, ಬೆರಳಿನಿಂದ ಒತ್ತಿನ ಬಾಲ ಮುಟ್ಟಿದ.

"ಇದ್ಯಾಕ್ಲಾ ಇಂಗೆ ಮ್ಯಾಕೆ ತಳ್ಳಿದ್ದೀಯ? ಒತ್ತಿಗೆ ಉಸ್ರಾಡಕ್ಕೆ ಜಾಗ ಬ್ಯಾಡ್ವಾ?"

ನಾನು ಏನೇನೋ ಹೇಳಿದೆ. ಲೇಬಲ್ಲಿನ ಅಳತೆ, ಅಚ್ಚಿನ ತೊಂದರೆ. ಕೊನೆಗೆ ಏನೂ ತೋಚದೆ, "ನೀನೂ ಚಂದಮಾಮ ನೋಡ್ಕಂಡು ಬರೀತಿದ್ದೋನೇ ಅಲ್ವಾ ಮಾವ?" ಅಂದುಬಿಟ್ಟೆ.

"ಬರ್ದೆ. ನೋಡ್ಕಂಡು ಬರ್ದೆ, ತಪ್ಪುತಪ್ಪಾಗೂ ಬರ್ದೆ. ನೀನು ನನ್ ಕೈಯ್ಯನ್ನೇ ಕಿತ್ಕಂಡು ಬಂದಿದ್ದೀಯ ಕನ್ಲಾ."

ಅವನ ದನಿ ಏರಲಿಲ್ಲ. ಪೊಟ್ಟಣವನ್ನು ತಿರುಗಿಸಿ ನೋಡಿ, "ಎಷ್ಟು ಹೊಡ್ಸಿದ್ದಾರೆ?" ಅಂದ. ಹತ್ತು ಸಾವಿರ ಅಂದೆ. ಜೇಬಿನಿಂದ ಅಳತೆ ಟೇಪು ತೆಗೆದ. ರಿಟೈರಾದ ಮೇಷ್ಟರ ಜೇಬಿನಲ್ಲಿ ಪೆನ್ನು ಇರುವ ಹಾಗೆ ಅವನ ಜೇಬಿನಲ್ಲಿ ಟೇಪು. ಲೇಬಲ್ಲು 4 ಇಂಚು ಉದ್ದ, 3 ಇಂಚು ಎತ್ತರ. "ಹನ್ನೆಲ್ಡು ಲೇಬಲ್ಲಿಗೆ ಒಂದು ಚದರಡಿ. ನಾನು ಕೊನೇಲಿ ಬರೀತಿದ್ದಾಗ ಚದರಡಿಗೆ ಹನ್ನೆಲ್ಡು ರೂಪಾಯಿ. ಅಂದ್ರೆ ಲೇಬಲ್ಲಿಗೊಂದು ರೂಪಾಯಿ ಆಯ್ತು." ನಗುತ್ತಾನೋ ಅಂತ ಮುಖ ನೋಡಿದೆ. ನಗಲಿಲ್ಲ. ಒಳಗೆ ಹೋಗಿ ಇದ್ದಷ್ಟು ತಂದೆ, ಉಳಿದದ್ದಕ್ಕೆ ಎಟಿಎಮ್ಮಿಗೆ ಹೋಗಿ ಬಂದೆ. ಹತ್ತು ಸಾವಿರ. ಎಂಜಲು ಹಚ್ಚಿ ಎಣಿಸಿ, ಒಂದು ಐನೂರರ ನೋಟು ವಾಪಸ್ ಇಟ್ಟ. "ಅಕ್ಕನ ಮಗ ಅಂತ ಬುಟ್ಟಿದ್ದೀನಿ." ಆಮೇಲೆ ಪೊಟ್ಟಣ ಒಡೆದು ಬೆಲ್ಲ ಬಾಯಿಗೆ ಹಾಕಿಕೊಂಡು, "ಬೆಲ್ಲ ಪರವಾಗಿಲ್ಲ" ಅಂದ.

ಆ ರಾತ್ರಿ ನಾನು ಫೋಲ್ಡರ್ ತೆರೆದು ಅವನ ಬೋರ್ಡುಗಳ ಫೋಟೊಗಳನ್ನೆಲ್ಲ ಎಣಿಸಿದೆ. 61. ಅದರಲ್ಲಿ ಊರಿನಲ್ಲಿ ಇನ್ನೂ ಉಳಿದಿರುವುದು 9. ಅವನ ಕೈ ಆಗಲೇ ನಡುಗಲು ಶುರುವಾಗಿತ್ತು, ಎಡಗಣ್ಣಿನಲ್ಲಿ ಪೊರೆ. ಅವನ ಅಕ್ಷರ ಅಂದರೆ ಈ 61 ಫೋಟೊ, ಅವೂ ನಾನು ಸಹಿ ಅಳಿಸಬಲ್ಲ ಫೋಟೊಗಳು.

ಹಾಗಾಗಿ ಅವನ ಕೈಯಿಂದಲೇ ಒಂದು ಪೂರ್ತಿ ಫಾಂಟು ಬರೆಸಬೇಕು, ಅವನ ಹೆಸರಲ್ಲೇ, ಬಂದ ದುಡ್ಡು ಅವನಿಗೇ ಅಂತ ಹೊರಟೆ. ಹೇಳುವುದು ಸುಲಭ. ಇಂಗ್ಲಿಷಿನಲ್ಲಾದರೆ 26 ದೊಡ್ಡವು, 26 ಸಣ್ಣವು, ಅಂಕಿ, ಚುಕ್ಕಿ, ಮುಗಿಯಿತು. ಕನ್ನಡಕ್ಕೆ ಪ್ರತಿ ವ್ಯಂಜನದ ಕಾಗುಣಿತ, ಪ್ರತಿ ವ್ಯಂಜನಕ್ಕೂ ಒಂದು ಒತ್ತು, ಅರ್ಕಾವತ್ತು ಬೇರೆ. ತ, ಮ, ಯ, ರ, ನಗಳ ಒತ್ತಿಗೂ ಮೂಲಕ್ಕೂ ಮುಖಚಹರೆಯೇ ಹೋಲುವುದಿಲ್ಲ. ಎಲ್ಲ ಸೇರಿ ನೂರಾರು ರೂಪಗಳು. ಒತ್ತು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಆ ಜಾಗ ಉಳಿಸುವುದಕ್ಕೇ ಎಲ್ಲರೂ ನೋಡುವುದು. ಪಾಂಡವಪುರದ ಹಳೆಯ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸುತ್ತಿದ್ದ ಒಬ್ಬರು ಹೇಳಿದ್ದರು, ಒತ್ತುಗಳಿಗೆ ಬೇರೆಯೇ ಸಣ್ಣ ಮೊಳೆ, ಟ್ರೆಡಲ್ ಓಡುವಾಗ ಮೊದಲು ಉದುರುವುದೂ ಅವೇ ಅಂತ. 1843ರ ನಮ್ಮ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಕಲ್ಲಚ್ಚಿನಲ್ಲಿ ಬಂತು, ಅಂದರೆ ಕೈಬರಹವೇ ನೇರ ಅಚ್ಚಾಯಿತು. ಅಲ್ಲಿ ಒತ್ತು ಉದುರುವ ಪ್ರಶ್ನೆ ಇರಲಿಲ್ಲ. ಈಗಿನ ಕಂಪ್ಯೂಟರಿನಲ್ಲೂ ಸೆಟ್ಟಿಂಗ್ ಒಂದು ತಪ್ಪಿದರೆ 'ಕನ್ನಡ' ಹೋಗಿ 'ಕನ್‌ನಡ' ಆಗುತ್ತದೆ. ಅಂಥ ಜಾಹೀರಾತುಗಳನ್ನು ನೀವೂ ನೋಡಿದ್ದೀರಿ.

ಕೆಲಸ ಮಾಡಿದವರಿಲ್ಲ ಅಂತಲ್ಲ. ಬಾಲೂ ತಮ್ಮ, ಅನೇಕ್ ಕನ್ನಡ, ಅಕಾಯ ಕನಡಕ, ಹೀಗೆ ಒಂದಿಷ್ಟು ಒಳ್ಳೆಯ ಫಾಂಟುಗಳು ಈಚೆಗೆ ಬಂದಿವೆ, ಪುಕ್ಕಟೆ ಸಿಗುತ್ತವೆ. ಅವನ್ನು ಬಿಚ್ಚಿ ನೋಡಿ ನಾನು ಎಷ್ಟೋ ಕಲಿತೆ. ಕನ್ನಡ ಪುಸ್ತಕಗಳ ಮುಖಪುಟದಲ್ಲಿ ಚಂದ್ರನಾಥ ಆಚಾರ್ಯ, ಅಪಾರ ಇವರೆಲ್ಲ ಅಕ್ಷರವನ್ನು ಆಡಿಸಿರುವ ರೀತಿ ನೋಡುತ್ತಾ ಬೆಳೆದವನು ನಾನು. ಆದರೆ ಸಂತೆಬೀದಿಯ 'ಬೆಲ್ಲ' ಅಲ್ಲೆಲ್ಲೂ ಇಲ್ಲ.

ಕಳೆದ ಆಷಾಢದಲ್ಲಿ ಶುರು ಮಾಡಿದೆವು. ಆಷಾಢದಲ್ಲಿ ನನಗೂ ಲಗ್ನಪತ್ರಿಕೆ ಇರುವುದಿಲ್ಲ, ಅವನಿಗೂ ಹೊಸ ಗಾಡಿ ಪೂಜೆ ಇರುವುದಿಲ್ಲ. ಹಳೇ ಕ್ಯಾಲೆಂಡರುಗಳ ಹಿಂಬದಿ, ಕಪ್ಪು ಬಣ್ಣ, ಅವನ ಹಳೆಯ ಕುಂಚ. ಐನೂರು ಕಮ್ಮಿ ಹತ್ತು ಸಾವಿರದಲ್ಲಿ ಮೈಸೂರಿಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ. ಸಾಲದ್ದನ್ನು ಅತ್ತೆ ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿದ್ದಳು. "ಕ ಬರಿ ಮಾವ" ಅಂದೆ. ಕುಂಚ ಅದ್ದಿ ಹಾಗೇ ಕೂತ.

"ಬರೀ ಕ ಅಂದ್ರೆ ಎಂಗ್ಲಾ ಬರೀಲಿ? ಎಂತಾ ಕ? ಕಬ್ಬಾ, ಕಾಫಿನಾ, ಕಟಿಂಗ್ ಶಾಪಾ?"

ನಾನು ಓದಿದ ಯಾವ ತರಗತಿಯಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. ಮಾವನ ಲೆಕ್ಕದಲ್ಲಿ ಅಕ್ಷರಕ್ಕೆ ಅಂಗಡಿ ಇದೆ. ಮಂಡಿಗೆ ದಪ್ಪ, ತೂಕ ಕಾಣಬೇಕು. ಕಟಿಂಗ್ ಶಾಪಿಗೆ ವಾಲಿಸಬೇಕು, ಕೆಳಗೆ ನೆರಳು ಹೊಡೆಯಬೇಕು, ಸ್ಟೈಲು. ಡಾಕ್ಟರ ಬೋರ್ಡಿಗೆ ತೆಳ್ಳಗೆ, ನೆಟ್ಟಗೆ, ಬಣ್ಣ ಒಂದೇ. ಮಿಲ್ಟ್ರಿ ಹೋಟೆಲ್ಲಿಗೆ ಕೆಂಪು, ಹಳದಿ ಅಂಚು, ತಲೆಕಟ್ಟು ಮೀಸೆಯ ಹಾಗೆ ಮೇಲಕ್ಕೆ ತಿರುಗಿರಬೇಕು. ದೇವಸ್ಥಾನಕ್ಕೆ ಬರೆಯುವಾಗ ಮಾತ್ರ ಯಾವ ಆಟವೂ ಇಲ್ಲ. ಒಂದು ಫಾಂಟು ಅಂದರೆ ಎಲ್ಲ ಅಂಗಡಿಗೂ ಒಂದೇ 'ಕ' ಅನ್ನುವುದು ಅವನಿಗೆ ಸೋಮಾರಿತನವಾಗಿ ಕಂಡಿತು. ಈಗಿನ ತಂತ್ರಜ್ಞಾನದಲ್ಲಿ ಒಂದಕ್ಷರಕ್ಕೆ ನಾಲ್ಕಾರು ರೂಪ ಕೊಟ್ಟು ಅಡಗಿಸಿಡಬಹುದು ಅಂತ ವಿವರಿಸಿದೆ. "ಅಂಗಾರೆ ಸರಿ" ಅಂತ ಒಪ್ಪಿದ. ನಮ್ಮ ಫಾಂಟಿನಲ್ಲಿ ಈಗ ಮೂರು 'ಕ' ಇವೆ: ಮಂಡಿ, ಕಟಿಂಗ್, ಡಾಕ್ಟ್ರು. ಫೈಲಿನಲ್ಲೂ ಅವೇ ಹೆಸರು.

ಬರೆಯುವಾಗ ಮೇಲಿನಿಂದ ಫೋನು ನೇತುಹಾಕಿ ವಿಡಿಯೊ ಮಾಡುತ್ತಿದ್ದೇನೆ. ಅದರಿಂದ ಒಂದು ಸಣ್ಣ ಆನಿಮೇಷನ್ ಮಾಡುವ ಆಸೆ. ಪರದೆಯ ಮೇಲೆ ಅಕ್ಷರಗಳನ್ನು ಒಂದೊಂದಾಗಿ ಟೈಪಾಗುವಂತೆ ತೋರಿಸುವ ಒಂದು ಹಳೇ ವರಸೆ ಇದೆಯಲ್ಲ, ಅದು ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ 'ಶ್ರೀ' ಹಾಗೆ ತೋರಿಸಲು ಹೋದರೆ ಮೊದಲು ಶ, ಆಮೇಲೆ ಶ್, ಆಮೇಲೆ ಶ್ರ, ಕೊನೆಗೆ ಶ್ರೀ ಅಂತ ಪ್ರತಿ ಹೆಜ್ಜೆಗೂ ವೇಷ ಬದಲಾಗಿ ಕಣ್ಣು ಕುಕ್ಕುತ್ತದೆ. ಮಾವ ಬರೆಯುವ ಕ್ರಮವೇ ಬೇರೆ. ಸೀಮೆಸುಣ್ಣದಲ್ಲಿ ಮೊದಲು ಒತ್ತುಗಳಿಗೆ ಜಾಗ ಗುರುತಿಸಿಕೊಳ್ಳುತ್ತಾನೆ. ಕೆಳಗಿನದು ಗೊತ್ತಾದ ಮೇಲೆಯೇ ಮೇಲಿನದರ ಎತ್ತರ. ತಲೆಕಟ್ಟು ಎಲ್ಲಕ್ಕಿಂತ ಕೊನೆಗೆ, ಸಾಲಿಗೆಲ್ಲ ಒಟ್ಟಿಗೆ, ಊಟಕ್ಕೆ ಕೂತವರಿಗೆ ಉಪ್ಪು ಬಡಿಸಿದ ಹಾಗೆ. ವಿಡಿಯೊ ನಿಧಾನ ಮಾಡಿ ನೋಡಿದರೆ ಕೈ ನಡುಗುವುದು ಕುಂಚ ಗಾಳಿಯಲ್ಲಿರುವಾಗ ಮಾತ್ರ. ಕಾಗದ ಮುಟ್ಟಿದೊಡನೆ ನಿಲ್ಲುತ್ತದೆ. ದಿನಕ್ಕೆ ಏಳೆಂಟು ಅಕ್ಷರ, ಆಮೇಲೆ ಕಾಗದದ ಮೇಲೂ ನಡುಗುತ್ತದೆ, ಅಲ್ಲಿಗೆ ಕುಂಚ ತೊಳೆದಿಡುತ್ತಾನೆ. ಮಳೆಗಾಲ ಮುಗಿಯುವ ಹೊತ್ತಿಗೆ ಏಳೆಂಟು ಹೋಗಿ ನಾಲ್ಕೈದು ಆಗಿತ್ತು. ಅದರ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ.

ಕಳೆದ ಭಾನುವಾರ ಹೋದಾಗ ಉಳಿದದ್ದರ ಪಟ್ಟಿ ಒಯ್ದಿದ್ದೆ. ಒತ್ತುಗಳು ಬಹುಪಾಲು ಮುಗಿದಿದ್ದವು. ಞ-ಒತ್ತು ಕೂಡ. ಅದು ಅವನಿಗೆ ಚೆನ್ನಾಗಿ ಗೊತ್ತು, ಪ್ರೌಢಶಾಲೆಯ ಬಾಗಿಲಿಗೆ 'ವಿಜ್ಞಾನ ಪ್ರಯೋಗಾಲಯ' ಅಂತ ಬರೆದುಕೊಟ್ಟವನು. ಆದರೆ ಪೂರ್ತಿ 'ಞ' ಬರೆದಿಲ್ಲ. 'ಙ' ಕೂಡ. 40 ವರ್ಷ ಬೋರ್ಡು ಬರೆದ ಮನುಷ್ಯನಿಗೆ ಈ ಎರಡು ಅಕ್ಷರ ಒಂದು ಸಲವೂ ಎದುರಾಗಿಲ್ಲ. ಪಟ್ಟಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ನಾನು ಮೊಬೈಲಿನಲ್ಲಿ 'ಙ'ವನ್ನು ದೊಡ್ಡದು ಮಾಡಿ ತೋರಿಸಿದೆ. ತೋರಿಸಬೇಡ ಅಂತ ಕೈ ಅಡ್ಡ ಮಾಡಿದ. ಕುಂಚ ಅದ್ದಿಕೊಂಡು, ಡಬ್ಬಿಯ ಅಂಚಿಗೆ ಒರೆಸಿ, ಕೋಲನ್ನು ಕ್ಯಾಲೆಂಡರಿನ ಮೇಲೆ ಊರಿ, ಮಣಿಕಟ್ಟು ಇಟ್ಟು, ನನ್ನ ಕಡೆ ತಿರುಗಿದ.

"ಇದ್ನ ಯಾವ ಅಂಗ್ಡಿಗೆ ಬರೀಬೇಕ್ಲಾ?"

ನನಗೆ ಗೊತ್ತಿರಲಿಲ್ಲ. ಅವನು ಸ್ವಲ್ಪ ಹೊತ್ತು ಕಾದ. ಕುಂಚದ ತುದಿಯಿಂದ ಒಂದು ಹನಿ ಕಾಗದದ ಮೇಲೆ ಬಿತ್ತು.

"ಹೋಗು, ಎಲ್ಡು ಟೀ ತತ್ತಾ" ಅಂದ. "ಯೋಚ್ನೆ ಮಾಡ್ತಿರ್ತೀನಿ."